ಹೋದ ಕಿವಿಗೆ ಕೇಳಿದ ಗಗ್ಗರ

ನಗುವವರು ನಗಲಿ, ನನಗೇನೂ ನಷ್ಟವಿಲ್ಲ. ಕಡಬದ ನಮ್ಮ ಮನೆಯಲ್ಲಿ ನಾನು ಕಣ್ಣು ಬಿಟ್ಟುಕೊಂಡೇ ಕಳೆದ ರಾತ್ರಿ ಇದು.

ನನಗೆ ಎಡಗಿವಿ ಕೇಳಿಸುವುದಿಲ್ಲ. ಗಂಡ ಜಗನ್ನಾಥ ಕುಡಿದು ಬಂದಾಗೆಲ್ಲ ಹೊಡೆದದ್ದು ಅಲ್ಲಿಗೇ. ಅದು ಪೂರ್ತಿ ಹೋದಾಗ ತವರಿನ ಕಲ್ಲುರ್ಟಿ ದೈವದ ಮುಂದೆ ನಿಂತು, ನನಗಾದದ್ದು ಅವರಿಗೂ ಆಗಲಿ ಎಂದು ದೂರು ಹೇಳಿದೆ. ನಮ್ಮಲ್ಲಿ ಅಂಥ ದೂರನ್ನು ಹೇಳಿದವರೇ ತಪ್ಪುಕಾಣಿಕೆ ಇಟ್ಟು ಹಿಂತೆಗೆಯಬೇಕು. ಬೇರೆಯವರಿಂದ ಆಗುವುದಿಲ್ಲ.

ವರ್ಷಗಳ ಮೇಲೆ ಇವರಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂತು. ಕಿಮೋ ಮುಗಿದು ಕುತ್ತಿಗೆಯ ಗಡ್ಡೆ ಕರಗಿತು ಅನ್ನುವಾಗಲೇ ಎಡಗಿವಿ ಹೋಯಿತು. ನಿಂತರೆ ಮನೆಯೇ ಗಿರ್ರನೆ ತಿರುಗುತ್ತದೆ ಅನ್ನುತ್ತಿದ್ದರು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗುವಂತಿರಲಿಲ್ಲ. ಕಿವಿ ಕೇಳಿಸುವ, ಸಮತೋಲ ಕಾಯುವ ನರಕ್ಕೆ ಕ್ಯಾನ್ಸರ್ ಹಬ್ಬಿದೆ ಎಂದರು ಮಂಗಳೂರಿನ ಡಾಕ್ಟರು. ನನಗೆ ಒಳಗೊಳಗೇ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ?

ಆ ರಾತ್ರಿ ಕರೆಂಟ್ ಇರಲಿಲ್ಲ. ಇವರು ಎಡಗಿವಿಗೆ ಅಂಗೈ ಒತ್ತಿಕೊಂಡು ಮಲಗಿದ್ದರು.

"ಪುಷ್ಪಾ... ಗಗ್ಗರ ಕೇಳ್ತಾ ಉಂಟು."

ದೈವ ಕಾಲಿಗೆ ಕಟ್ಟುವ, ಗಲಗಲ ಅನ್ನುವ ಗಗ್ಗರ! ನನ್ನ ಬಲಗಿವಿಗೆ ಜೀರುಂಡೆ ಬಿಟ್ಟರೆ ಏನೂ ಕೇಳಲಿಲ್ಲ.

"ಯಾವ ಕಿವಿಗೆ?"

"ಹೋದ ಕಿವಿಗೆ... ಅಂಗಳಕ್ಕೆ ಬಂತು."

ಕೋಣೆಯ ಔಷಧಿ ವಾಸನೆಯ ನಡುವೆ ಅಡಿಕೆ ಹೂವಿನ, ಹಸಿ ಹಿಂಗಾರದ ವಾಸನೆ ಬಂತು, ದೈವದ ಎದುರು ಇಡುತ್ತಾರಲ್ಲ, ಅದೇ. ಮನೆಯಲ್ಲಿ ಒಂದು ಹೂವೂ ಇರಲಿಲ್ಲ.

ಇವರು ನನ್ನ ನೈಟಿಯ ಅಂಚು ಹಿಡಿದರು. ಹೊಡೆಯುತ್ತಿದ್ದ ಅದೇ ಕೈ. ದೂರಿನ ವಿಷಯ ಇವರಿಗೆ ನಾನು ಯಾವತ್ತೂ ಹೇಳಿರಲಿಲ್ಲ.

"ಮಂಚದ ಹತ್ರವೇ ನಿಂತಿತು ಮಾರಾಯ್ತಿ. ಸಾಕಾ ಅಂತ ನಿನ್ನ ಹತ್ರ ಕೇಳ್ತಾ ಉಂಟು... ಸಾಕು ಅಂತ ಹೇಳು."

ಒಂದೇ ಮಾತು. ನಾನು ತುಟಿ ಬಿಚ್ಚಲಿಲ್ಲ. ಸಾಲದು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಅಷ್ಟೇ.

ಇವರ ಕೈ ಸಡಿಲವಾಯಿತು.

"ಆಯ್ತಂತೆ," ಎಂದರು.

ಆಮೇಲೆ ಗೋಡೆಯ ಕಡೆ ತಿರುಗಿ ತುಂಬ ಹೊತ್ತು ಏನೋ ಪಿಸುಗುಟ್ಟಿದರು, ನನ್ನೊಡನೆ ಅಲ್ಲ. ನನ್ನ ಎಡಗಿವಿಯ ಕಡೆಗಿದ್ದರು, ಒಂದು ಮಾತೂ ತಿಳಿಯಲಿಲ್ಲ.

ಬೆಳಿಗ್ಗೆ ಏಳಲಿಲ್ಲ. ರೋಗ ಮೆದುಳಿಗೆ ಹೋಗಿರಬೇಕು ಎಂದರು ಡಾಕ್ಟರು. ಇರಬಹುದು. ನಾನು ಅತ್ತದ್ದು ನಿಜ. ಆದರೆ ಹಾಗೆ ಅಂದುಕೊಂಡದ್ದಕ್ಕೆ ಬೇಸರ ಇಂದಿಗೂ ಬಂದಿಲ್ಲ.

ಈಗ ರಾತ್ರಿ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ನನಗೆ ಏನೂ ಕೇಳಿಸಬಾರದು. ಆದರೆ ಎಷ್ಟೋ ವರ್ಷ ಸತ್ತಿದ್ದ ಎಡಗಿವಿಯಲ್ಲಿ ಗಗ್ಗರ... ನಿನ್ನೆ ಅಂಗಳದವರೆಗೆ ಬಂದಿತ್ತು.

ಗೋಡೆಯ ಕಡೆ ತಿರುಗಿ ಇವರು ಪಿಸುಗುಟ್ಟಿದ್ದು ನನ್ನ ಮೇಲಿನ ದೂರೇ ಆಗಿದ್ದರೆ, ಅದನ್ನು ಹಿಂತೆಗೆಯಬೇಕಾದವರು ಈಗ ಇಲ್ಲ.