ಕೂಟಗಲ್ಲಿನ ಅವ್ವ ಆರಿಸಿಕೊಟ್ಟ ದನಿ

ನಾನು ಆರ್ಕೆಸ್ಟ್ರಾದಲ್ಲಿ ಪೆಡಲ್ ಸ್ಟೀಲ್ ಗಿಟಾರ್, ಅಂದರೆ ಅಡ್ಡಲಾಗಿಟ್ಟು ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸುವ ಗಿಟಾರ್, ನುಡಿಸುವವನು. ಬಿಡದಿಯ ಹೊಸ ಕಾರ್ಖಾನೆಯೊಂದರ ವಾರ್ಷಿಕೋತ್ಸವಕ್ಕೆ ಎರಡೇ ದಿನವಿದ್ದಾಗ ನನ್ನ ಹಳೇ ಆಂಪ್ಲಿಫೈಯರ್ ಸುಟ್ಟುಹೋಯಿತು. ಗಿಟಾರ್ ಹೊತ್ತುಕೊಂಡೇ ರಾಮನಗರದ ಅಂಗಡಿಗೆ ಓಡಿದೆ. ಅಲ್ಲಿದ್ದ ಹೊಸ ಮಾದರಿಯ ಪೆಟ್ಟಿಗೆ ಒಂದೇ ಆದರೂ, ಗುಂಡಿ ತಿರುಗಿಸಿದಂತೆ ಹತ್ತಾರು ಆಂಪ್ಲಿಫೈಯರ್‌ಗಳ ದನಿಯನ್ನು ಅನುಕರಿಸುತ್ತಿತ್ತು. ಒಂದೊಂದು ದನಿಯಲ್ಲೂ ನುಡಿಸಿ ನೋಡಿದೆ, ತಲೆ ಕೆಟ್ಟಿತೇ ಹೊರತು ತೀರ್ಮಾನವಾಗಲಿಲ್ಲ.

ಮಗಳ ಮದುವೆಗೆ ಮೈಕ್‌ಸೆಟ್ ಗೊತ್ತುಮಾಡಲು ಕೂಟಗಲ್‌ನಿಂದ ಬಂದಿದ್ದ ಹೆಂಗಸೊಬ್ಬರು ಕೂತು ಕೇಳುತ್ತಿದ್ದರು. ತಟ್ಟನೆ ಕೈಯೆತ್ತಿದರು.

"ಇದುನ್ನೇ ಮಡಿಕ್ಕಳಪ್ಪ. ಆವಾಗಿಂದ ಪೆಟ್ಗೆ ಕೂಗ್ತಿತ್ತು, ಈಗ ನಿನ್ ಕೈ ಕೇಳುಸ್ತಾ ಐತೆ."

ನೋಡಿದರೆ, ಅದು ಯಾವ ಅಲಂಕಾರವೂ ಇಲ್ಲದ ಸಾದಾ ದನಿ. ಅದರಲ್ಲೇ ಕಾರ್ಯಕ್ರಮ ಗೆದ್ದೆ. ಇವತ್ತಿಗೂ ಆ ತಾಯಿಯನ್ನು ನೆನೆದೇ ನುಡಿಸುತ್ತೇನೆ.

ಅವತ್ತೇ ಖುಷಿಗೆ, "ಮದುವೆಗೆ ಬಂದು ಪುಕ್ಕಟೆ ನುಡಿಸ್ತೀನಿ ಅವ್ವಾ" ಅಂದಿದ್ದೆ.

"ಬ್ಯಾಡ ಕಣಪ್ಪ," ಅಂದರು, "ವಾಲಗದೋರ್ಗೆ ಹೇಳ್ಬುಟ್ಟಿದೀವಿ."