ಹುಣಸೆಮರದ ಮೇಲೊಂದು ಅರ್ಜಿ

ಮೀನು ಕಡಿಮೆಯಾಗಿದ್ದಕ್ಕೆ ನೀರುಕಾಗೆಯೇ ಕಾರಣ ಅಂತ ಊರಿಗೆ ಊರೇ ಹೇಳುತ್ತದೆ. ಹೌದಾ? ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ನಾಲಗೆ ತುರಿಸುತ್ತದೆ. (ಕಾಲೇಜಿನ ಡಿಬೇಟ್ ಅಂಟಿಸಿದ ಚಟ.)

ಆದರೆ ಈ ಸಲ ಆ ಮಾತಿಗೆ ನಾನೇ ವಕೀಲೆ.

ಸುಲೇಪೇಟದಾಚೆ ಒಂದು ಕೆರೆ. ಎಂಟು ಮನೆಯವರು ಅದರಲ್ಲಿ ಮೀನು ಹಿಡಿದು ಬದುಕುತ್ತಾರೆ. ಅವರಿಗೆಲ್ಲ ಹಿರಿಯರು ಭೀಮಶಾ ಕಾಕಾ. ದಂಡೆಯ ಹುಣಸೆಮರದ ತುಂಬಾ ನೀರುಕಾಗೆಗಳ ಗೂಡು. ಮರ ಕಡಿಯಲು ಪರ್ಮಿಶನ್ ಬೇಕು. ಪರ್ಮಿಶನ್‌ಗೆ ಅರ್ಜಿ ಬೇಕು. ಅರ್ಜಿಗೆ ನಾನು ಬೇಕು.

"ತಂಗಿ, ನೀ ವಾದ ಮಾಡಿ ಶೀಲ್ಡ್ ಗೆದ್ದಾಕಿ. ಸಾಹೇಬ್ರು ಓದಿದ್ರ ಇಲ್ಲ ಅನ್ನಬಾರದು, ಹಂಗ ಬರಿ" ಅಂದರು ಕಾಕಾ.

ಬರೆದೆ. ಸೇಡಂನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು, ಕೆರೆಯನ್ನೇ ನೋಡದೆ. 'ಪಕ್ಷಿಗಳ ಹಾವಳಿಯಿಂದ ಎಂಟು ಕುಟುಂಬಗಳು ಬೀದಿಗೆ' ಅಂತ ಮೊದಲ ಸಾಲು. ಜಡ್ಜ್ ಇದ್ದಿದ್ದರೆ ಅಲ್ಲೇ ಮಾರ್ಕ್ಸ್ ಕೊಡುತ್ತಿದ್ದರು.

ಸಹಿ ಹಾಕಿಸಲು ಶನಿವಾರ ಹೋದೆ. ಅಂದೇ ಕೆರೆಗೆ ಮೀನುಮರಿ ಬಿಡುವ ದಿನ. ಮಧ್ಯಾಹ್ನದ ಬಿಸಿಲು. ಮರಿ ತುಂಬಿದ ಪ್ಲಾಸ್ಟಿಕ್ ಚೀಲ ಹೊತ್ತ ಟೆಂಪೋ ನಿಂತದ್ದೆಲ್ಲಿ? ಅದೇ ಹುಣಸೆಮರದ ಕೆಳಗೆ. ಬುಡದಲ್ಲಿ ಗಂಗವ್ವನ ಕಲ್ಲಿದೆ. ಕುಂಕುಮ ಹಚ್ಚಿದರು, ಕಾಯಿ ಒಡೆದರು, ಅಲ್ಲೇ ಮೆಟ್ಟಿಲ ಮೇಲೆ ನಿಂತು ಚೀಲಗಳನ್ನು ನೀರಿಗೆ ಸುರಿದರು. ಸೆಕೆಗೆ ಮಂಪರು ಹಿಡಿದ ಮರಿಗಳು ಈಜುವುದನ್ನೂ ಮರೆತು ತೇಲಿದವು. ಮೇಲೆ ನೀರುಕಾಗೆಗಳು ಎಲೆ ಹಾಕಿಸಿಕೊಂಡ ಬೀಗರ ಹಾಗೆ ಸಾಲಾಗಿ ಕೂತಿದ್ದವು.

ಆಮೇಲೆ ಇಳಿದವು.

"ಏ ಭೀಮಶಾ, ಮೊದಲನೇ ಪಂಕ್ತಿ ಅವರದೇನು?" ಅಂತ ರಸೂಲ್ ಭಾಯಿ ಕೂಗಿದರು. ಈ ಕೆರೆಯ ಮೀನನ್ನು ಸಂತೆಗೆ ಒಯ್ದು ಮಾರುವವರು ಅವರು. ಎಲ್ಲರೂ ನಕ್ಕರು. ಕಾಕಾ ಕಲ್ಲು ಬೀಸಿದರು. ಹಕ್ಕಿಗಳು ಎದ್ದು, ಒಂದು ಸುತ್ತು ಹೊಡೆದು, ಮತ್ತೆ ಇಳಿದವು.

"ಇಲ್ಲೇ ಯಾಕ ಬಿಡ್ತೀರಿ ಕಾಕಾ?"

"ಗಂಗವ್ವ ಇಲ್ಲೇ ಅದಾಳಲ್ಲ!"

"ಕಾಯಿ ಇಲ್ಲೇ ಒಡೀರಿ. ಮರಿ ಸಂಜಿಗೆ ಆ ಕಡಿ ದಂಡಿಗೆ ಬಿಡ್ರಿ."

"ಕಾಯಿ ಒಂದ್ಕಡಿ, ಮರಿ ಒಂದ್ಕಡಿ ಹೆಂಗಾಗ್ತದ?"

"ಇಷ್ಟು ಹಕ್ಕಿ ಯಾವಾಗಿಂದ ಅದಾವ?"

ಕಾಕಾ ಲೆಕ್ಕ ಹಾಕಿದರು. "ಮೊದಲ ನಾಕೈದು ಇದ್ವು. ನಾವು ಮರಿ ತಂದು ಬಿಡಾಕತ್ತಿದ ಮ್ಯಾಲ ಗಿಡ ತುಂಬ್ತು ನೋಡು." ಹೇಳಿ ಮುಗಿಸಿದ ಮೇಲೆ ಅವರ ಕಣ್ಣು ಗಂಗವ್ವನ ಕಲ್ಲಿನ ಕಡೆ ಹೋಯಿತು.

ಹಕ್ಕಿ ತಿನ್ನುವುದೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಕಣ್ಣಾರೆ ಕಂಡೆ. ಆದರೆ ಬಡಿಸುವವರು ಯಾರು?

ದಂಡೆಯ ಮೇಲೆ ಬಲೆ ಒಣಗುತ್ತಿತ್ತು. ಅದರ ಕಣ್ಣಿನಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ. ಪಕ್ಕದ ಬಕೆಟ್ಟಿನ ತುಂಬಾ ಬೆರಳುದ್ದದ ಮೀನು.

"ಇವು ದೊಡ್ಡವಾಗೋದು ಯಾವಾಗ ಕಾಕಾ?"

"ದೊಡ್ಡ ಮೀನ ಇದ್ದಾಗ ದೊಡ್ಡ ಕಣ್ಣಿನ ಬಲಿನೇ ಇತ್ತು ತಂಗಿ. ಅವು ಹ್ವಾದ್ವು, ಬಲಿ ಸಣ್ಣದಾತು. ಈಗ ಆರು ತಿಂಗಳು ಕೈ ಕಟ್ಕೊಂಡು ಕುಂದ್ರು ಅಂದ್ರ, ನಮ್ಮ ಒಲಿ ಹಚ್ಚಾಕ ನೀ ಬರ್ತೀಯೇನು?"

ಬಲೆಯ ಕಣ್ಣಿಗೆ ಇನ್ನೊಮ್ಮೆ ಕಿರುಬೆರಳು ಹಿಡಿದು ನೋಡಿದೆ.

ರಸೂಲ್ ಭಾಯಿ ವಾಡಿಯ ರೈಲ್ವೆ ಸ್ಟೇಷನ್ನಿನಿಂದ ಐಸ್ ಪೆಟ್ಟಿಗೆಯ ಕಡಲ ಮೀನೂ ತರುತ್ತಾರೆ. ಬಂಗುಡೆಯೂ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆಯಂತೆ. "ಅಲ್ಲಿ ದಂಡಿ ಮಂದಿನೂ ಹಕ್ಕಿಗೇ ಬೈಲಿಕತ್ತಾರಂತ" ಅಂದರು. "ಅಷ್ಟು ದೊಡ್ಡ ಸಮುದ್ರ ಖಾಲಿ ಮಾಡಾಕ ಹಕ್ಕಿ ಏನ್ ಬೋಟ್ ತಗೊಂಡಾವೇನ್ರಿ?"

ಕಾಕಾ ಮೀನಿನ ಬಕೆಟ್ಟನ್ನು ನೆರಳಿಗೆ ಸರಿಸಿದರು.

ಸೋಮವಾರ ಅರ್ಜಿ ಕೊಡಬೇಕು. ಎಂಟು ಮನೆಯವರ ಸಹಿ, ಹೆಬ್ಬೆಟ್ಟು ಬಿದ್ದ ಆ ಕಾಗದ ನನ್ನ ಬ್ಯಾಗಿನಲ್ಲೇ ಇದೆ. ಹತ್ತು ಸಲ ತೆಗೆದಿದ್ದೇನೆ, ಹತ್ತು ಸಲ ಮಡಚಿದ್ದೇನೆ. ಡಿಬೇಟಿನಲ್ಲಿ ಯಾವ ಕಡೆ ಚೀಟಿ ಬಂದರೂ ಮಾತಾಡುತ್ತಿದ್ದೆ. ಸೋತವರು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಇಲ್ಲಿ? ಅರ್ಜಿ ಕೊಟ್ಟರೆ ರೆಕ್ಕೆ ಬಲಿಯದ ಮರಿಗಳು ಗೂಡಿನ ಸಮೇತ ನೆಲಕ್ಕೆ. ಕೊಡದಿದ್ದರೆ ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದ ಎಂಟು ಮನೆಗೆ ನಾನೇನು ಹೇಳಲಿ?

ಶನಿವಾರ ನಾನು ಕೆರೆಯಿಂದ ಹೊರಡುವಾಗ ಕಾಕಾ ಬಲೆ ಮಡಚುತ್ತಿದ್ದರು. ಕೇಳಿಯೇ ಬಿಟ್ಟೆ.

"ಕಾಕಾ, ಗಿಡ ಕಡಿದ ಮ್ಯಾಲೂ ಬರೋ ವರ್ಷ ಬಲಿ ಖಾಲಿ ಬಂದ್ರ, ಆವಾಗ ಅರ್ಜಿದಾಗ ಯಾರ ಹೆಸರು ಬರೀಲಿ?"