ಗಿಟಾರಿಗೆ ಹರಳೆಣ್ಣೆ ತಿಕ್ಕಿದೆ

ಹೊಸ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದೆ. ಮೊಮ್ಮಗಳು ಬಾಗಿಲಲ್ಲೇ ಚೀರಿದಳು: “ಯವ್ವಾ, ಅದೇನ್ ಕೂಸೇನ್ ಬೇ! ನಾಳಿ ರಾಯಚೂರಾಗ ನುಡಿಸಬೇಕು ನಾ!”

“ಮಾನ್ವಿ ಬಿಸಲಿಗೆ ಕಟ್ಟಿಗಿ ಬಿರೀತದ ಅಂತ ನೀನ ಅಂದಿದ್ದಿ. ಎಣ್ಣಿ ಆತು, ಇನ್ನ ಕೂಸಿಗೆ ಕೊಟ್ಟಂಗ ಲೋಬಾನದ ಹೊಗಿ ಕೊಟ್ಟರ ಮುಗೀತು,” ಎಂದೆ.

ಅಗ್ಗದ್ದಾದರೂ ಪೂರಾ ಮರದ್ದೇ ಬೇಕೆಂದು ಊರೂರು ತಿರುಗಿ ತಂದಿದ್ದಳು, ಪಾಪ. ಅಳುತ್ತಲೇ ಒರೆಸಿ ತಂತಿ ಮೀಟಿದಳು. ನಾನು ಕಿವಿಗೊಟ್ಟು ಬಾಗಿದೆ. ಗಿಟಾರು ಜುಂಯ್ ಎಂದು ನುಡಿದೇಬಿಟ್ಟಿತು!

ಮರುದಿನ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಾಣಂತಿ ಕೋಣೆಯ ವಾಸನೆ ಎಲ್ಲಿಂದ ಬಂತೆಂದು ಮುಂದಿನ ಸಾಲಿನವರು ಮಾತ್ರ ಹುಡುಕುತ್ತಿದ್ದರು.

ಈಗ ಅದನ್ನು ಮುಟ್ಟಲು ನನಗೆ ಅಪ್ಪಣೆಯಿಲ್ಲ. ಮರ ಬಿರಿಯದಿರಲೆಂದು ಮೊಮ್ಮಗಳೇ ಹಾಸಿದ ನನ್ನ ಕೌದಿಯ ಮೇಲೆ ಗಿಟಾರು, ನೀರಿನ ಕೊಡದ ಪಕ್ಕ ತಂಪಾಗಿ ಮಲಗುತ್ತದೆ. ನಾನು ಬರಿ ಚಾಪೆಯ ಮೇಲೆ ಮಲಗಿ ಹಿಗ್ಗುತ್ತೇನೆ.